ತೋರಣ ಕಟ್ಟಿದ ಲಾಕಪ್

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಬೇಕು. ನಾನು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆ. ಆದರೆ ಆಗ ಬರೆದುಕೊಳ್ಳುತ್ತಿರಲಿಲ್ಲ, ಅದನ್ನೂ ಹೇಳಬೇಕು. ದೇಶದಲ್ಲೆಲ್ಲ ಅಪರಾಧ ತಗ್ಗಿಸಲು ಸರ್ಕಾರ ಯೋಜನೆ ತಂದಿತ್ತು. ದೂರೇ ಬರೆಯದಿದ್ದರೆ ಅಪರಾಧವೂ ಇಲ್ಲ ಎಂಬುದು ನಮ್ಮ ಇನ್‌ಸ್ಪೆಕ್ಟರ್ ಕಂಡುಕೊಂಡ ದಾರಿ.

ಊರಲ್ಲಿ ಬಟ್ಟೆ ಹೊಲಿಯುವ ಹೊನ್ನೂರಮ್ಮನ ಹೊಲಿಗೆ ಯಂತ್ರ ಕಳುವಾಯಿತು. ಅವಳ ಅನ್ನವೇ ಅದು. ದೂರು ಕೊಡಲು ಠಾಣೆಗೆ ಬಂದಳು.

"ನಮ್ಮೂರಲ್ಲಿ ಕಳ್ಳತನ ಇಲ್ಲಮ್ಮ. ಎಲ್ಲೋ ಇಟ್ಟು ಮರೆತಿದ್ದೀಯ, ಹೋಗು" ಎಂದರು ಇನ್‌ಸ್ಪೆಕ್ಟರ್.

ಒಂದೂ ಅಪರಾಧವಿಲ್ಲದ ಠಾಣೆ ಎಂದು ನಮ್ಮನ್ನು ಮೆಚ್ಚಲು ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದರು. ಖಾಲಿ ಲಾಕಪ್ಪಿಗೆ ಮಾವಿನ ತೋರಣ ಕಟ್ಟಿದ್ದೆವು. ದೀಪ ಹಚ್ಚುವಾಗ ಬೂಟು ಬಿಡುವುದು ನಮ್ಮಲ್ಲಿ ಪದ್ಧತಿ, ಸಾಹೇಬರೂ ಬಿಟ್ಟರು. ಹಚ್ಚಿ ಬಂದರೆ ಬೂಟಿಲ್ಲ!

"ಕಳ್ಳತನ! ದೂರು ಬರೀರಿ!" ಎಂದು ಸಾಹೇಬರು ಗುಡುಗಿದರು. ಇನ್‌ಸ್ಪೆಕ್ಟರ್ ಮೇಜಿನ ಕೆಳಗೆಲ್ಲ ಹುಡುಕತೊಡಗಿದರು.

ಬಾಗಿಲಲ್ಲಿ ನಿಂತಿದ್ದ ಹೊನ್ನೂರಮ್ಮ ಬಾಯಿಬಿಟ್ಟಳು. "ಈ ಊರಲ್ಲಿ ಕಳ್ಳತನ ಇಲ್ಲ ಸ್ವಾಮಿ. ಎಲ್ಲೋ ಇಟ್ಟು ಮರೆತಿದ್ದೀರಿ. ನನ್ನ ಮಿಷನ್ನೂ ಹಂಗೇ ಮರೆತೆ ಅಂತ ಇವರೇ ಹೇಳಿದ್ರು."

ಆಮೇಲೆ ಲಾಕಪ್ಪಿನತ್ತ ಕೈ ತೋರಿಸಿದಳು. ತೋರಣದ ಕೆಳಗೆ ಬೂಟುಗಳು ಜೋಡಿಯಾಗಿ ನಿಂತಿದ್ದವು. "ಇದಕ್ಕಿಂತ ಭದ್ರವಾದ ಜಾಗ ಸಿಗಲಿಲ್ಲ ಸ್ವಾಮಿ."

ಸಾಹೇಬರು ಬರಿಗಾಲಲ್ಲೇ ಕುಳಿತು, ಅವಳಿಗೂ ಕುರ್ಚಿ ಹಾಕಿಸಿದರು. "ಮೊದಲು ಈ ತಾಯಿಯ ದೂರು ಬರೀರಿ."

ಅಷ್ಟು ದೊಡ್ಡ ಯೋಜನೆಯನ್ನು ಒಂದು ಜೊತೆ ಬೂಟಿನಿಂದ ದಾರಿಗೆ ತಂದಳಲ್ಲ ಆ ಹೆಂಗಸು!

ಯಂತ್ರ ಸಿಕ್ಕಿತು, ಕಳ್ಳನೂ ಸಿಕ್ಕಿದ. ಈಗ ನಮ್ಮಲ್ಲಿ ದೂರು ಹೆಚ್ಚು, ಕಳ್ಳತನ ಕಡಿಮೆ. ಅದು ಹೇಗೆಂದರೆ, ದೂರು ಬರೆದರೆ ಹುಡುಕಲೇಬೇಕಾಗುತ್ತದೆ, ಹುಡುಕಿದರೆ ಕಳ್ಳ... ಇರಿ, ಕರೆಯುತ್ತಿದ್ದಾರೆ. ಯಾರೋ ದೂರು ಕೊಡಲು ಬಂದಿದ್ದಾರಂತೆ.