ಏಡಕ್ಕ ಇಳಿದ ದಾರಿ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗತಾನೇ ಎದ್ದು ನಿಂತಿದ್ದವು. ಹೊಳೆಗಳಿಗೆ ಕಡಲಿನ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಆ ಕಾಲದಲ್ಲಿ ಏಡಿಗಳು ನೆಟ್ಟಗೆ ಮುಂದಕ್ಕೆ ನಡೆಯುತ್ತಿದ್ದವು. ಹೌದು, ನಿಮ್ಮ ಹಾಗೆಯೇ, ನನ್ನ ಹಾಗೆಯೇ. ಅವುಗಳ ಕಣ್ಣುಗಳು ಅಂಗಿಯ ಗುಂಡಿಗಳಂತೆ ಚಿಪ್ಪಿಗೆ ಅಂಟಿಕೊಂಡಿದ್ದವು.

ಒಂದು ಎತ್ತರದ ಬೆಟ್ಟದ ನೆತ್ತಿಯಲ್ಲಿ ಏಡಕ್ಕ ಎಂಬ ಏಡಿ ಇದ್ದಳು. ಅವಳಷ್ಟು ನೇರವಾಗಿ ನಡೆಯುವವರು ಆ ಬೆಟ್ಟದಲ್ಲೇ ಇರಲಿಲ್ಲ. ಕಲ್ಲು ಎದುರಾದರೆ ಕಲ್ಲನ್ನೇ ಹತ್ತಿ ಇಳಿಯುವಳೇ ಹೊರತು ಪಕ್ಕಕ್ಕೆ ಸರಿಯುವವಳಲ್ಲ. "ನಮ್ಮ ವಂಶದಲ್ಲೇ ಸೊಟ್ಟ ನಡಿಗೆ ಇಲ್ಲ" ಎಂದು ಹೇಳಿಕೊಳ್ಳುವಳು. ಜಂಬವೇ? ಜಂಬವೇ. ಮುಂದೆ ಕೇಳಿ, ಅವಳಿಗೆ ಅದು ಒಪ್ಪುತ್ತದೆ.

ಏಡಕ್ಕನಿಗೆ ಹುಣಸೆಬೀಜದಷ್ಟು ದಪ್ಪದ ಮರಿಗಳಿದ್ದವು. ಅವು ಬೆಟ್ಟದ ಮೇಲಿನ ತೊರೆಯಲ್ಲಿ ದಿನವಿಡೀ ಆಡುತ್ತಿದ್ದವು. ತೊರೆಯೂ ಇನ್ನೂ ಚಿಕ್ಕ ಹುಡುಗಿ, ಆಟವೆಂದರೆ ಅವಳಿಗೂ ಪ್ರಾಣ.

ಒಂದು ಬೆಳಿಗ್ಗೆ ಜೋರು ಮಳೆ ಸುರಿಯಿತು. ತೊರೆಗೆ ಮೈತುಂಬ ನೀರು, ಎಲ್ಲಿಲ್ಲದ ಹುಮ್ಮಸ್ಸು. ಓಡಿದಳು, ಓಡಿದಳು, ಬೆಟ್ಟದ ಅಂಚಿಗೆ ಬಂದಳು. ಮುಂದೆ ನೋಡಿದರೆ ನೆಲವೇ ಇಲ್ಲ! "ಅಯ್ಯೋ, ನಿಲ್ಲೋಕಾಗ್ತಿಲ್ಲ!" ಎಂದು ಕೂಗುತ್ತಲೇ ಧುಮುಕಿಬಿಟ್ಟಳು. ಆ ಬೆಟ್ಟದಲ್ಲಿ ಜಲಪಾತ ಹುಟ್ಟಿದ್ದು ಹಾಗೆ. ಮರಿಗಳೂ ಅವಳ ಜೊತೆಗೇ ಕೆಳಗೆ ಹೋದವು.

ಏಡಕ್ಕ ಓಡಿಬಂದು ಅಂಚಿನಿಂದ ಇಣುಕಿದಳು. ಬಹಳ ಕೆಳಗೆ ಒಂದು ಮಡು, ಮಡುವಿನ ನಡುವೆ ಒಂದು ಕರಿಬಂಡೆ. ಮರಿಗಳೆಲ್ಲ ಆ ಬಂಡೆಯನ್ನು ಅವುಚಿಕೊಂಡಿದ್ದವು. ಬದುಕಿದ್ದವು! ಆದರೆ ಮಡು ತುಂಬುತ್ತಿತ್ತು.

"ತೊರೆಯಮ್ಮ, ಸ್ವಲ್ಪ ನಿಲ್ಲಮ್ಮ!" ಎಂದು ಏಡಕ್ಕ ಕೂಗಿದಳು.

"ನಿಲ್ಲೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ ಏಡಕ್ಕ!" ತೊರೆ ಕೆಳಗಿನಿಂದ ಅಳುತ್ತಾ ಹೇಳಿದಳು. "ಸಂಜೆ ಹೊತ್ತಿಗೆ ಈ ಬಂಡೆ ಮುಳುಗುತ್ತೆ. ಆಮೇಲೆ ಮಕ್ಕಳನ್ನ ನಾನು ಎಲ್ಲಿಗೆ ಎಳ್ಕೊಂಡು ಹೋಗ್ತೀನೋ ನನಗೇ ಗೊತ್ತಿಲ್ಲ. ಬೇಗ ಬಾ!"

ಮರದ ಮೇಲೆ ಕೂತಿದ್ದ ಕರಿಮೂತಿಯ ಕೋತಿ ಮುಸುವ ಇದನ್ನೆಲ್ಲ ನೋಡುತ್ತಿದ್ದ. "ಬೆಟ್ಟದ ಹಿಂದೆ ಒಳ್ಳೆ ಇಳಿಜಾರಿದೆ ಏಡಕ್ಕ. ನೆಟ್ಟಗೆ ಇಳಿದು ಹೋಗು, ಅದು ನಿನಗೆ ಹೇಳಿ ಮಾಡಿಸಿದ ದಾರಿ" ಎಂದ.

ಏಡಕ್ಕ ತಟ್ಟನೆ ಹಿಂದಕ್ಕೆ ತಿರುಗಿದಳು. ತಿರುಗಿದ್ದೇ ತಡ, ಕೆಳಗಿನಿಂದ ಗಾಳಿ ಏದುಸಿರು ಬಿಡುತ್ತಾ ಹತ್ತಿಬಂತು.

"ತಿರುಗಬೇಡ ಏಡಕ್ಕ, ತಿರುಗಬೇಡ! ನೀನು ಕಾಣ್ತಿದ್ದಷ್ಟು ಹೊತ್ತು ಮಕ್ಕಳು ಬಂಡೆನ ಗಟ್ಟಿಯಾಗಿ ಹಿಡ್ಕೊಂಡಿದ್ರು. ನೀನು ಬೆನ್ನು ತೋರಿಸಿದ್ದೇ, 'ಅಮ್ಮ ಹೋದಳು' ಅಂತ ಕಿರಿಯವಳು ಕಾಲು ಸಡಿಲ ಬಿಟ್ಟಳು!"

ಏಡಕ್ಕ ಗಿರಕ್ಕನೆ ಮತ್ತೆ ಮಡುವಿನ ಕಡೆ ಮುಖಮಾಡಿ, ಮುಂಗಾಲಿನ ಎರಡೂ ಕೊಂಡಿಗಳನ್ನು ಎತ್ತಿ ಹಿಡಿದಳು. "ಇಲ್ಲೇ ಇದ್ದೀನಿ ಕಂದಾ! ಬಂದೆ, ಬಂದೆ!"

ಕಿರಿಯ ಮರಿ ಮತ್ತೆ ಬಂಡೆಯನ್ನು ಅವುಚಿಕೊಂಡಿತು.

ಈಗ ಮಾಡುವುದೇನು? ಹಿಂದಿನ ಇಳಿಜಾರಿಗೆ ಹೋದರೆ ಮಕ್ಕಳಿಗೆ ಅಮ್ಮ ಕಾಣುವುದಿಲ್ಲ. ಮುಂದಕ್ಕೆ ನೆಟ್ಟಗೆ ಹೆಜ್ಜೆಯಿಟ್ಟರೆ ಬಿದ್ದು ಚೂರಾಗುತ್ತಾಳೆ. ಬೆಟ್ಟದ ಕಡಿದಾದ ಮೈಮೇಲೆ ಕಾಲಿಡುವಷ್ಟು ಒಂದು ಸಣ್ಣ ಅಂಚು ಮಾತ್ರ ಇತ್ತು. ಅದು ಹೋಗುತ್ತಿದ್ದದ್ದು ಪಕ್ಕಕ್ಕೆ.

ಹುಟ್ಟಿದಂದಿನಿಂದ ಪಕ್ಕಕ್ಕೆ ಸರಿಯದ ಏಡಕ್ಕ ಒಂದು ಕಾಲನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಇನ್ನೊಂದು. ಮುಖ ಮಕ್ಕಳ ಕಡೆ, ಕಾಲು ಪಕ್ಕದ ಕಡೆ.

"ಅಯ್ಯಯ್ಯೋ, ಏಡಕ್ಕ ಸೊಟ್ಟ ನಡೀತಿದ್ದಾಳೆ!" ಮುಸುವ ಕೊಂಬೆಯ ಮೇಲೆ ಬಿದ್ದು ಬಿದ್ದು ನಕ್ಕ.

ಅವಳಿಗೆ ನಾಚಿಕೆಯಾಗಲಿಲ್ಲವೇ? ಆಯಿತು, ಚಿಪ್ಪೆಲ್ಲ ಕೆಂಪಾಗುವಷ್ಟು ಆಯಿತು. ಆದರೂ ಕಣ್ಣು ಮಾತ್ರ ಕರಿಬಂಡೆಯನ್ನು ಬಿಡಲಿಲ್ಲ.

ಅಂಚು ಮುಗಿಯಿತು. ಏಡಕ್ಕ ತಿರುಗಲಿಲ್ಲ. ಕೆಳಗಿನ ಅಂಚಿಗೆ ಇಳಿದು, ಬಂದ ಕಡೆಗೇ ಅಡ್ಡಡ್ಡ ಸರಿದಳು. ಅದೂ ಮುಗಿದಾಗ ಇನ್ನೂ ಕೆಳಗಿನದಕ್ಕೆ ಇಳಿದು ಮತ್ತೆ ಈ ಕಡೆಗೆ. ನಡುವೆ ಜರಿಗಿಡಗಳು ಅಡ್ಡ ಬಂದವು, ನೀರಿನ ತುಂತುರು ಮುಸುಕಿತು. ಅವುಗಳ ಮೇಲಿಂದ ಮಕ್ಕಳನ್ನು ನೋಡಬೇಕೆಂದು ಏಡಕ್ಕ ಕಣ್ಣನ್ನು ಎತ್ತಿದಳು, ಇನ್ನೂ ಎತ್ತಿದಳು. ಎತ್ತಿ ಎತ್ತಿ ಕಣ್ಣುಗಳು ಚಿಪ್ಪಿನಿಂದ ಹೊರಬಂದು ಎರಡು ಕಡ್ಡಿಗಳ ಮೇಲೆ ನಿಂತವು!

ಹೊತ್ತು ಇಳಿಯಿತು. ಏಡಕ್ಕನೂ ಇಳಿದಳು. ನೀರು ಬಂಡೆಯ ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಅವಳು ಮಡುವಿಗೆ ಹಾರಿ, ಬಂಡೆಯನ್ನು ಹತ್ತಿ, ಹೊಟ್ಟೆಯ ಕೆಳಗಿನ ಮಡಿಕೆಯನ್ನು ಬಿಚ್ಚಿದಳು. ಮರಿಗಳೆಲ್ಲ ಒಂದನ್ನೊಂದು ನೂಕುತ್ತಾ ಅದರೊಳಗೆ ನುಗ್ಗಿದವು. ಕಿರಿಯವಳನ್ನು ಏಡಕ್ಕ ತನ್ನ ಕೊಂಡಿಯಲ್ಲೇ ಮೆಲ್ಲಗೆ ಎತ್ತಿ ಒಳಗಿಟ್ಟಳು. ಒಂದು ಮರಿಯೂ ತಪ್ಪಿರಲಿಲ್ಲ. ಎಲ್ಲರನ್ನೂ ಹೊತ್ತು ಅವಳು ದಡ ಸೇರಿದಳು.

ತೊರೆ ಸಂತೋಷದಿಂದ ಹೋ ಎಂದು ಮೊರೆದಳು. ಇವತ್ತಿಗೂ ಆ ಮೊರೆತ ನಿಂತಿಲ್ಲ.

ಹಿಂದಿನ ಇಳಿಜಾರಿನಿಂದ ಇಳಿದು ಬಂದ ಮುಸುವ ಈಗ ನಗುತ್ತಿರಲಿಲ್ಲ. "ಏಡಕ್ಕ, ಮಕ್ಕಳು ಸಿಕ್ಕಿದ್ರಲ್ಲ. ಇನ್ನು ಮೊದಲಿನ ಹಾಗೆ ನೆಟ್ಟಗೆ ನಡಿ" ಎಂದ.

ಏಡಕ್ಕ ಕೊಂಡಿಗಳನ್ನು ಎತ್ತಿ, ಕಡ್ಡಿಗಣ್ಣುಗಳನ್ನು ನಿಮಿರಿಸಿ ನಿಂತಳು. "ನೆಟ್ಟಗೆ ನಡೆಯೋಕೆ ಯಾರಿಗೆ ಬರಲ್ಲ ಹೇಳು? ನನ್ನ ಮಕ್ಕಳನ್ನ ಉಳಿಸಿದ ನಡಿಗೆ ಕಣೋ ಇದು. ಇನ್ನು ನಮ್ಮ ವಂಶದ ನಡಿಗೆ ಇದೇ!" ಎಂದು ಅಡ್ಡಡ್ಡವಾಗಿ, ರಾಣಿಯ ಹಾಗೆ ಹೊರಟಳು.

ಅವಳು ಇಳಿದ ಜಾಡಿನಲ್ಲಿ ಕಡವೆಗಳು ನೀರಿಗೆ ಇಳಿದವು. ಕಡವೆಗಳ ಹಿಂದೆ ದನಕಾಯುವವರು ಬಂದರು. ಎಷ್ಟೋ ಕಾಲದ ಮೇಲೆ ಹತ್ತಿರದಲ್ಲೇ ಒಂದು ನಗರ ಬೆಳೆಯಿತು. ನಗರದವರು ಅದೇ ಜಾಡಿಗೆ ಮೆಟ್ಟಿಲು ಕಟ್ಟಿ, ಕಬ್ಬಿಣದ ಕಂಬಿ ಹಾಕಿ, ತಮ್ಮ ಹೆಸರಿನ ಕಲ್ಲನ್ನೂ ನೆಟ್ಟರು. ಏಡಕ್ಕನ ಹೆಸರು ಅದರಲ್ಲಿಲ್ಲ, ಆದರೆ ದಾರಿ ಅವಳದೇ.

ಭಾನುವಾರ ನೀವು ಜಲಪಾತ ನೋಡಲು ಹೋದಾಗ ಗಮನಿಸಿ. ದಾರಿ ಅತ್ತ ಹೋಗಿ ಇತ್ತ ಬರುತ್ತದೆ, ಆದರೆ ಯಾವ ತಿರುವಿನಲ್ಲಿ ನಿಂತರೂ ಕೆಳಗಿನ ಮಡು ಕಾಣುತ್ತದೆ. ಕಲ್ಲುಸಂದಿಯಲ್ಲಿ ಒಂದು ಏಡಿ ಕೊಂಡಿ ಎತ್ತಿ, ನಿಮ್ಮನ್ನೇ ನೋಡುತ್ತಾ ಅಡ್ಡಡ್ಡ ಓಡುತ್ತದೆ. ನಗಬೇಡಿ. ಮೆಟ್ಟಿಲು ಜಾರುವ ಕಡೆ ನಿಮ್ಮ ಅಮ್ಮನನ್ನೂ ಒಮ್ಮೆ ನೋಡಿ: ನಿಮ್ಮ ಕೈ ಹಿಡಿದು, ನಿಮ್ಮ ಮೇಲೆಯೇ ಕಣ್ಣಿಟ್ಟು, ಅವಳೂ ಅಡ್ಡಡ್ಡವಾಗಿಯೇ ಇಳಿಯುತ್ತಾಳೆ.