ಓಬಯ್ಯ ಬಂಡೆ ಕೊರೆದ ಎಂಟು ದಿನ

ಬೇರೆಯವರ ಪೆದ್ದುತನ ಕೇಳಿ ನಗೋದು ಸುಲಭ. ಆದರೆ ಈ ಕತೆಗೆ ನಗೋ ಮುಂಚೆ ಎದೆ ಮೇಲೊಂದು ಕೈ ಇಟ್ಟುಕೊಳ್ಳಿ. ಹೇಳೋ ನನಗೇ ಈಗಲೂ ಮೈ ಜುಂ ಅನ್ನುತ್ತೆ.

ಕಲ್ಲು ಕ್ವಾರಿ ಪಕ್ಕದ ಹಟ್ಟಿಯಲ್ಲಿ ಗುರುವಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ ಓಬಯ್ಯ. ವಯಸ್ಸು ಇಪ್ಪತ್ತೇಳು, ತೋಳು ಎತ್ತಿನ ಹೆಗಲಿನಂಥವು. ತಲೆ ಮಾತ್ರ ಖಾಲಿ ಗಡಿಗೆ. ಇವನ ಅಪ್ಪ ಕ್ವಾರಿಯಲ್ಲಿ ಮೇಸ್ತ್ರಿ ಮಾತು ಮೀರಿ ಸತ್ತವನು. ಅದಕ್ಕೇ ಗುರುವಮ್ಮ ಹಾಲು ಕುಡಿಯೋ ವಯಸ್ಸಿನಿಂದ ಇವನಿಗೆ ಒಂದೇ ಪಾಠ ಹೇಳಿದ್ದಳು. "ಹೇಳಿದಷ್ಟು ಮಾಡು ಮಗ. ಹೇಳಿದ್ದನ್ನ ಬುಡಬೇಡ."

ಓಬಯ್ಯ ಬಿಡಲಿಲ್ಲ. ಬಾಗಿಲು ನೋಡ್ಕೋ ಅಂದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತ ಕೂರೋನು. ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ? ಏಳು ಮನೆಯವರು ಇಲ್ಲ ಅಂದಿದ್ದರು. ಎಂಟನೆಯವನು ತಿರುಮಳಪ್ಪ ಮೇಸ್ತ್ರಿ, ಅವನ ಮಗಳು ಅಂಕಮ್ಮ. ಗುರುವಮ್ಮ ಹೋಗಿ ಕೇಳಿದಳು.

ಮೇಸ್ತ್ರಿ ಅಂದ, "ಎಂಟು ದಿನ ನನ್ನ ಕೈಕೆಳಗೆ ಬಂಡೆ ಕೊರೆಯೋ ಮಿಷನ್ನು ಹಿಡೀಲಿ. ಯಾರದ್ದೂ ಒಂದು ಬೆರಳು ಹೋಗಬಾರದು. ಮೂರು ಸಲ ತಪ್ಪಿದ್ರೆ ಬಯ್ತೀನಿ. ನಾಕನೇ ಸಲ ಮನೆಗೆ ಕಳಿಸ್ತೀನಿ, ಹೆಣ್ಣೂ ಇಲ್ಲ."

ಗುರುವಮ್ಮ ಮನೆಗೆ ಬಂದು ಮಗನ ಗದ್ದ ಹಿಡಿದಳು. "ಇದು ಕೈ ತಪ್ಪಿದ್ರೆ ನೀನು ಒಂಟಿಯಾಗೇ ಮುದುಕ ಆಗ್ತೀಯ ಕಣೋ. ನಾನು ಸತ್ತ ಮೇಲೆ ನಿಂಗೆ ಹೇಳೋರು ಯಾರು? ಮೇಸ್ತ್ರಿ ಹೇಳಿದಷ್ಟು ಮಾಡು."

"ಹೂಂ ಕಣವ್ವ," ಅಂದ ಓಬಯ್ಯ.

ಮೊದಲನೇ ದಿನ. ಕ್ವಾರಿಯಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಕಂಪ್ರೆಸರ್ ನಿಂತಿತ್ತು. ಅದರ ಗಾಳಿ ಉದ್ದನೆ ಪೈಪಿನಲ್ಲಿ ಹೋಗಿ ಮಿಷನ್ನಿಗೆ ಬಡಿದರೆ, ಮಿಷನ್ನಿನ ರಾಡು ಬಂಡೆ ಕೊರೆಯುತ್ತೆ. ಮೇಸ್ತ್ರಿ ಹೇಳಿದ, "ನಾಳೆಯಿಂದ ಬೆಳಗ್ಗೆ ಬಂದ ತಕ್ಷಣ ಮಿಷನ್ನಿಗೆ ಎಣ್ಣೆ ಹಾಕು. ಎಣ್ಣೆ ಕಾಣದ ಮಿಷನ್ನು ಮೂರು ದಿನಕ್ಕೆ ಸಾಯ್ತದೆ."

ಎರಡನೇ ದಿನ ಓಬಯ್ಯ ಎಲ್ಲರಿಗಿಂತ ಮೊದಲೇ ಬಂದ. ಮನೆಯಿಂದ ಹರಳೆಣ್ಣೆ ತಂದಿದ್ದ. ಮಿಷನ್ನನ್ನು ಬಂಡೆ ಮೇಲೆ ಮಲಗಿಸಿದ. ನೆತ್ತಿಗೆ ತಟ್ಟಿದ, ಬೆನ್ನು ತಿಕ್ಕಿದ, ಕಾಲು ನೀವಿದ. ಒಂದು ಗಂಟೆ ಎಳೆ ಬಿಸಿಲಿಗೆ ಬಿಟ್ಟ. ಆಮೇಲೆ ಎಣ್ಣೆ ಇಳಿಯಬೇಕಲ್ಲ, ಬಿಸಿನೀರು ಹಾಕಿ ಸೀಗೆಪುಡಿಯಲ್ಲಿ ತಲೆ ತೊಳೆದ.

ಮೇಸ್ತ್ರಿ ಬಂದವನು ಏನೂ ಅರಿಯದೆ ಮಿಷನ್ನು ಹಿಡಿದ, ಗಾಳಿ ಬಿಟ್ಟ. ಬುಸ್ ಅಂತ ಬಂತು ನೋಡಿ ನೊರೆ. ಕಣ್ಣಿಗೆ, ಮೂಗಿಗೆ, ಬಾಯಿಗೆ. ಮೇಸ್ತ್ರಿ ಕುರುಡನ ಹಾಗೆ ಬಂಡೆ ಅಂಚಿಗೆ ಹೋಗಿಬಿಟ್ಟ. ಕೆಳಗೆ ನಲವತ್ತು ಅಡಿ ಆಳ. ಯಾರೋ ಪಂಚೆ ಹಿಡಿದು ಎಳೆದದ್ದಕ್ಕೆ ಉಳಿದ, ಪಂಚೆ ಉಳಿಯಲಿಲ್ಲ.

"ಎಣ್ಣೆಸ್ನಾನ ಮಾಡಿಸೋಕೆ ಇದೇನು ಬಾಣಂತೀನಾ?" ಅಂದ ಮೇಸ್ತ್ರಿ, ಟವಲು ಸುತ್ತಿಕೊಂಡು. "ಎಣ್ಣೆ ಒಳಕ್ಕೆ ಕಣಲಾ. ಮೈಗಲ್ಲ. ಒಂದು ಸಲ ಆಯ್ತು. ಇನ್ನೊಂದು ಕೇಳು. ಒಳಕ್ಕೆ ಕಸ ಹೋದ್ರೆ ಕೆಟ್ಟಂಗೇ ಲೆಕ್ಕ. ಅದಕ್ಕೇ ಮೊದ್ಲು ಗಾಳಿ ಬುಟ್ಟು ಕಸ ಊದಿಸ್ಬೇಕು. ಆಮೇಲೇನೇ ಒಳಕ್ಕೆ ಬುಡೋದು."

"ಊದಿಸಿ ಆಮೇಲೆ ಒಳಕ್ಕೆ," ಅಂದ ಓಬಯ್ಯ.

ಮೂರನೇ ದಿನ ಬೆಳಗ್ಗೆ ಪೈಪು ಊದಿಸಿದ, ಜೋಡಿಸಿದ, ಎಲ್ಲ ನೆಟ್ಟಗೆ. ಮೇಸ್ತ್ರಿಗೂ ಸಮಾಧಾನವಾಯಿತು. ಮಧ್ಯಾಹ್ನ ಅಂಕಮ್ಮ ಅಪ್ಪನಿಗೆ ಬುತ್ತಿ ತಂದಳು. ಬಿಸಿ ರಾಗಿಮುದ್ದೆ, ಹುರುಳಿ ಸಾರು, ಮಾವಿನ ಉಪ್ಪಿನಕಾಯಿ. ಮೇಸ್ತ್ರಿ ತುತ್ತು ಮುರಿದು ಬಾಯಿ ತೆಗೆದ. ಓಬಯ್ಯ ಅದನ್ನು ನೋಡಿದ. ಒಳಕ್ಕೆ ಹೋಗ್ತಾ ಐತೆ, ಊದಿಸೇ ಇಲ್ಲ.

ಎದ್ದ, ಪೈಪು ಹಿಡಿದ, ಗಾಳಿ ತಿರುಗಿಸಿದ.

ಅಯ್ಯೋ ನಮ್ಮಪ್ಪ. ಮುದ್ದೆ ಗುಂಡಿನ ಹಾಗೆ ಹಾರಿ ಟ್ರ್ಯಾಕ್ಟರಿನ ದೀಪದ ಗಾಜಿಗೆ ಅಂಟಿತು. ಸಾರು ಕ್ವಾರಿಯವರಿಗೆಲ್ಲ ಸಮನಾಗಿ ಸಿಕ್ಕಿತು. ಉಪ್ಪಿನಕಾಯಿ ಮೇಸ್ತ್ರಿಯ ಕಣ್ಣಿಗೇ ಹೋಯಿತು. ಓಬಯ್ಯ ಗಾಬರಿಯಲ್ಲಿ ಕೈ ಬಿಟ್ಟ. ಬಿಟ್ಟದ್ದೇ ಪೈಪು ನಾಗರಹಾವಿನ ಹಾಗೆ ಎದ್ದು ಆಡಿತು. ಒಬ್ಬನ ಹಲ್ಲು ಅಲ್ಲಾಡಿತು, ಒಬ್ಬನ ಬೆನ್ನ ಮೇಲೆ ಬಾಸುಂಡೆ ಎದ್ದಿತು. ಜನ ಸಿಕ್ಕ ಸಿಕ್ಕ ಬಂಡೆ ಹತ್ತಿದರು. ಆ ಗದ್ದಲದಲ್ಲಿ ನಕ್ಕವಳು ಅಂಕಮ್ಮ ಒಬ್ಬಳೇ, ಅದೂ ಸೆರಗು ಬಾಯಿಗೆ ಒತ್ತಿಕೊಂಡು.

"ಎರಡು ಸಲ ಆಯ್ತು," ಅಂದ ಮೇಸ್ತ್ರಿ ಒಂದೇ ಕಣ್ಣು ಬಿಟ್ಟು. "ಗಾಳಿ ಅಂದ್ರೆ ಯಮ ಕಣೋ. ಗಾಳಿ ತುಂಬಿರೋದನ್ನ ಯಾವತ್ತೂ ಮುಟ್ಟಬೇಡ. ಮೊದ್ಲು ತಿರುಪು ಮುಚ್ಚು, ಇರೋ ಗಾಳಿನೆಲ್ಲ ಬುಟ್ಟುಬುಡು, ಆಮೇಲೆ ಕೈ ಹಾಕು."

ಸುದ್ದಿ ಕೇಳಿ ಗುರುವಮ್ಮ ರಾತ್ರಿ ಅನ್ನ ಮುಟ್ಟಲಿಲ್ಲ. "ಇನ್ನೊಂದೇ ಸಲ ಉಳಿದಿರೋದು ಮಗ. ಆ ಹುಡುಗಿ ಕೈ ತಪ್ಪೋಗ್ತಾಳೆ."

"ಮೇಸ್ತ್ರಿ ಹೇಳಿದ್ದೇ ಮಾಡಿದ್ದು ಕಣವ್ವ," ಅಂದ ಓಬಯ್ಯ. ಅದೂ ನಿಜವೇ. ನಿಜಕ್ಕೆ ಏನಂತ ಬೈಯೋದು?

ನಾಲ್ಕು, ಐದು, ಆರು. ಮೂರು ದಿನ ಏನೂ ಆಗಲಿಲ್ಲ. ಇಬ್ಬರು ಎತ್ತೋ ಮಿಷನ್ನನ್ನು ಓಬಯ್ಯ ಒಬ್ಬನೇ ಎತ್ತಿ, ದಿನಕ್ಕೆ ಮೂವತ್ತು ತೂತು ಕೊರೆದ. ಮೇಸ್ತ್ರಿ ಮನೆಯಲ್ಲಿ ಇವನ ತೋಳಿನ ಮಾತೂ ಬಂತಂತೆ.

ಏಳನೇ ದಿನ ತೂತುಗಳಿಗೆ ಮದ್ದು ತುಂಬಿದರು. ಬಂಡೆ ಸಿಡಿಸೋ ಹೊತ್ತು. ಮೇಸ್ತ್ರಿ ಬತ್ತಿ ಹಚ್ಚೋಕೆ ಹೊರಟವನು, "ಓಬ, ಟ್ರ್ಯಾಕ್ಟರಿನ ಚಕ್ರಕ್ಕೆ ಕೊಟ್ಟಿರೋ ಕಲ್ಲು ತೆಗೆದಿರು, ಬತ್ತಿ ಹಚ್ಚಿ ಓಡಿಬಂದು ಹೊರಡ್ತೀನಿ," ಅಂದ. ಓಬಯ್ಯ ಕಲ್ಲು ತೆಗೆಯೋಕೆ ಬಗ್ಗಿದ. ಚಕ್ರ ನೋಡಿದ. ಬೆರಳಲ್ಲಿ ತಟ್ಟಿದ. ಒಳಗೆ ಗಾಳಿ.

ಮೇಸ್ತ್ರಿ ಬತ್ತಿ ಹಚ್ಚಿದ, ಓಡಿಬಂದ, ಗಾಡಿ ಹತ್ತಿ ಬಿಟ್ಟ. ಗಾಡಿ ಹೆರಿಗೆ ನೋವು ಬಂದ ಎಮ್ಮೆ ಹಾಗೆ ಹತ್ತು ಮಾರು ಹೋಗಿ ಮಣ್ಣಲ್ಲಿ ಕೂತಿತು. ನಾಲ್ಕು ಚಕ್ರವೂ ರೊಟ್ಟಿ.

"ಗಾಳಿ ಏನಾಯ್ತಲಾ?"

"ಮುಟ್ಟೋ ಮುಂಚೆ ಬುಟ್ಟೆ ಮೇಸ್ತ್ರಿ. ಪೂರ್ತಿ."

ಮೇಸ್ತ್ರಿ ಇಳಿದ, ಓಬಯ್ಯನ ರಟ್ಟೆ ಹಿಡಿದ, ಓಡಿದ. ಇಬ್ಬರೂ ಗುಂಡಿಗೆ ಬಿದ್ದರು, ಹಿಂದೆ ಬಂಡೆ ಸಿಡಿಯಿತು. ಧೂಳು ಇಳಿದ ಮೇಲೆ ನೋಡುತ್ತಾರೆ, ಕುಂಬಳಕಾಯಿ ಗಾತ್ರದ ಕಲ್ಲೊಂದು ಬಂದು ಮೇಸ್ತ್ರಿ ಕೂರೋ ಸೀಟಿನಲ್ಲಿ ಕೂತಿದೆ. ಮೇಸ್ತ್ರಿ ತನ್ನ ತಲೆಯನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿಕೊಂಡ.

"ಮೂರಾಯ್ತು," ಅಂದ. "ಓಬ, ಇದೊಂದು ಮಾತ್ರ ಮರೀಬೇಡ. ನಿಮ್ಮಪ್ಪ ಹೋಗಿದ್ದು ಹಿಂಗೇ. ಬಂಡೇಲಿ ಹಳೇ ತೂತು ಕಂಡ್ರೆ ಅದರೊಳಗೆ ಏನೂ ಇಡಬೇಡ. ಸಿಡೀದೆ ಉಳಿದ ಮದ್ದು ಇರ್ತದೆ. ನಿಮ್ಮಪ್ಪ ರಾಡು ಇಟ್ಟ, ನಮಗೆ ಅವನ ಚಪ್ಪಲಿ ಸಿಕ್ತು. ಹಳೇ ತೂತು ಕಂಡ್ರೆ ಕೂಗು. ಜನಾನೆಲ್ಲ ಓಡಿಸು. ಸುಣ್ಣದ ಗುರುತು ಹಾಕೋ ತನಕ ನೀನು ಕದಲಬೇಡ. ಕೊರೀಲೇಬೇಕಿದ್ರೆ ಮೊಳ ದೂರ ಬುಟ್ಟು ಹೊಸಾದು ಕೊರಿ."

ಓಬಯ್ಯ ಕಣ್ಣು ಒರೆಸಿಕೊಂಡ. ಅಪ್ಪ ಹೇಗೆ ಹೋದ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಎಂಟನೇ ದಿನ ತಪ್ಪಿಲ್ಲದೆ ಕಳೆಯಿತು. ಯಾರ ಬೆರಳೂ ಹೋಗಲಿಲ್ಲ. ಕಲ್ಲಿನ ಕೆಲಸದವರು ಆಡಿದ ಮಾತು ಮುರಿಯೋದಿಲ್ಲ. ನಾಳೆ ಬಂದು ಬಟ್ಟು ಇಡಿ ಅಂದ ಮೇಸ್ತ್ರಿ. ಅವರಲ್ಲಿ ಹಾಗೇ, ಗಂಡಿನ ತಾಯಿ ತಂದ ಮೂಗುಬಟ್ಟು ಹೆಣ್ಣಿನ ಮೂಗಿಗೆ ಏರಿದರೆ ಮದುವೆ ಗಟ್ಟಿ. ಏರದಿದ್ದರೆ ಇಲ್ಲ.

ಗುರುವಮ್ಮ ಹೊಸ ಸೀರೆ ಉಟ್ಟು ಮಗನನ್ನು ಕರೆದುಕೊಂಡು ಹೋದಳು. ಮೇಸ್ತ್ರಿ ಮುಂಬಾಗಿಲಲ್ಲಿ ಕ್ವಾರಿಯ ಟ್ರ್ಯಾಕ್ಟರ್ ನಿಂತಿತ್ತು, ಕಂಪ್ರೆಸರ್, ಮಿಷನ್ನು ಸಮೇತ. ಮೇಸ್ತ್ರಿ ಮನೆ ತುಂಬ ನೆಂಟರು, ಹದಿನೈದು ಜನ, ಎಲ್ಲರೂ ಬಂಡೆ ಒಡೆದು ಬದುಕಿದವರು. ಅಂಕಮ್ಮ ಕೋಟೆಯಂಥ ದಪ್ಪ ಕಲ್ಲುಗೋಡೆ ಪಕ್ಕ ಮಣೆ ಮೇಲೆ ಕೂತಿದ್ದಳು. ಹೆಂಗಸರು ಅವಳ ಹಳೇ ಬಟ್ಟು ತೆಗೆದರು.

"ಓಬ, ಬಟ್ಟು ಕೊಡು ಮಗ," ಅಂದಳು ಗುರುವಮ್ಮ.

ಓಬಯ್ಯ ಜೇಬಿನಿಂದ ತೆಗೆದ. ಕೊಡೋಕೆ ಬಗ್ಗಿದ. ಅಂಕಮ್ಮನ ಮೂಗು ನೋಡಿದ. ಬಟ್ಟು ಹಿಂದಕ್ಕೆ ಎಳೆದುಕೊಂಡ.

"ಹಳೇ ತೂತು," ಅಂತ ಕಿರುಚಿದ. "ಮದ್ದೈತೆ, ಓಡಿ."

ಕಲ್ಲು ಒಡೆಯೋರ ಮನೆಯಲ್ಲಿ ಆ ಮಾತು ಬಿದ್ದ ಮೇಲೆ ಎಲ್ಲಿ, ಯಾಕೆ ಅಂತ ಕೇಳೋರು ಯಾರೂ ಇಲ್ಲ. ಕೇಳಿದವರು ಬದುಕಿಲ್ಲ. ಹದಿನೈದು ಜನವೂ ಹಿತ್ತಲ ಬಾಗಿಲಲ್ಲಿ ನುಗ್ಗಿದರು. ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಅಜ್ಜಿ ಎಲ್ಲರಿಗಿಂತ ಮುಂದೆ. ಗುರುವಮ್ಮನನ್ನೂ ಎಳೆದುಕೊಂಡು ಹೋಗಿ ಕಲ್ಲುರಾಶಿ ಹಿಂದೆ ಬೋರಲು ಬಿದ್ದರು, ಕಿವಿ ಮುಚ್ಚಿಕೊಂಡು.

ಒಂದು ನಿಮಿಷ, ಎರಡು ನಿಮಿಷ. ಮೇಸ್ತ್ರಿ ಮೆಲ್ಲಗೆ ತಲೆ ಎತ್ತಿದ. "ಮನೆ ಒಳಗೆ ಹಳೇ ತೂತು ಎಲ್ಲಿಂದ ಬಂತು?"

ಒಬ್ಬೊಬ್ಬರೇ ಎದ್ದು ಕೂತು ತಮ್ಮವರನ್ನು ಎಣಿಸಿಕೊಂಡರು.

"ಅಂಕಮ್ಮ ಎಲ್ಲಿ?" ಅಂದಳು ಗುರುವಮ್ಮ.

ಆಗ ಮುಂಬಾಗಿಲಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಗುಡುಗುಡು ಅಂತ ಶುರುವಾಯಿತು. ಕಂಪ್ರೆಸರ್ ಏದುಸಿರು ಬಿಟ್ಟಿತು. ಆಮೇಲೆ ಮನೆ ಒಳಗಿನಿಂದಲೇ ಡಗಡಗಡಗ ಅಂತ ಮಿಷನ್ನಿನ ಸದ್ದು. ಗುರುವಮ್ಮನಿಗೆ ತಟ್ಟಂತ ಹೊಳೆಯಿತು. ಮೂಗಿನ ತೂತು. ಮಗ ಮನೆಯಲ್ಲಿ ಒಪ್ಪಿಸಿದ್ದ ಮೇಸ್ತ್ರಿ ಮಾತು, ಹೊಸಾದು ಕೊರಿ. "ನನ್ನ ಮಗ ಆ ಮಗೀನ ಕೊಂದ," ಅಂತ ಎದೆ ಬಡಿದುಕೊಂಡು ಓಡಿದಳು. ಮೇಸ್ತ್ರಿ ಹಿಂದೆಯೇ ತೆವಳಿಕೊಂಡು ಬಂದ.

ಒಳಗೆ ಧೂಳೋ ಧೂಳು. ಸದ್ದು ನಿಂತಿತು. ಧೂಳಿನೊಳಗಿಂದ ಅಂಕಮ್ಮ ಎದ್ದು ಬಂದಳು. ಕಿವಿಯಲ್ಲಿ ಹತ್ತಿ, ಮೂಗಿನ ತುದಿಗೆ ಸುಣ್ಣದ ಬೊಟ್ಟು. ಒಂದು ಗೀರೂ ಇಲ್ಲ.

"ನಿಂಗೆ ಏನು ಮಾಡಿದ?" ಅಂದ ಮೇಸ್ತ್ರಿ, ನೆಲದಿಂದಲೇ.

"ಗುರುತು ಹಾಕಿದ. ಅಲ್ಲಿಂದ ಮೊಳ ಹಾಕಿದ, ಗೋಡೆ ಸಿಕ್ತು. ಕಿವಿಗೆ ಹತ್ತಿ ಇಟ್ಟು ಮೂಲೇಲಿ ಕೂರ್ಸಿದ." ಅಂಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಪ್ಪ, ನೀವು ಹದಿನೈದು ಜನ ನನ್ನ ಬುಟ್ಟು ಓಡಿದ್ರಿ. ಮದ್ದು ಎಲ್ಲೈತೆ ಅಂತ ನಿಮಗೆ ಗೊತ್ತಿರ್ಲಿಲ್ಲ. ನನ್ನ ಮೂಗಲ್ಲೇ ಐತೆ ಅಂತ ನಂಬಿದೋನು ಇವನೊಬ್ಬನೇ. ನಡುಗ್ತಾ ನಿಂತಿದ್ದ. ಆದ್ರೆ ಕದಲಲಿಲ್ಲ."

ಅಜ್ಜಿ ಸದ್ದಿಲ್ಲದೆ ಹೋಗಿ ಹಾಸಿಗೆಯಲ್ಲಿ ಮಲಗಿಕೊಂಡಳು. ಮೇಸ್ತ್ರಿ ತಲೆ ತಗ್ಗಿಸಿದ. "ನೀನೇನಂತೀಯ ಮಗಳೇ?" ಅಂದ.

"ಬಟ್ಟು ಇಡ್ಸಿ," ಅಂದಳು ಅಂಕಮ್ಮ.

ಗುರುವಮ್ಮ ಅಳುತ್ತಾ ನಗುತ್ತಾ ಮಗನ ಮುಂದೆ ಕೈ ಚಾಚಿದಳು. "ಕೊಡು ಮಗ, ಬಟ್ಟು ಕೊಡು."

"ಇಟ್ಟಾಯ್ತಲ್ಲವ್ವ," ಅಂದ ಓಬಯ್ಯ, ಧೂಳು ಒರೆಸಿಕೊಳ್ಳುತ್ತಾ. "ಹೊಸ ತೂತಲ್ಲೇ ಇಟ್ಟೆ. ಮೂರು ಅಡಿ ಆಳ ಕೊರೆದು ಇಟ್ಟು, ಮೇಲೆ ಜೇಡಿಮಣ್ಣು ಜಡಿದೀನಿ."

ಮೇಸ್ತ್ರಿ ಕಂಬಿ ಹಾಕಿ ಕೆದಕಿದ, ಬರಲಿಲ್ಲ. ಪುರೋಹಿತರನ್ನು ಕೇಳಿದರು. ಬಟ್ಟು ಏರಿದ್ದಂತೂ ಏರಿದೆ, ಹೆಣ್ಣಿನ ಮನೆಯಲ್ಲೇ ಏರಿದೆ, ಆಗಬಹುದು ಅಂದರು. ಮದುವೆಯಾಯಿತು. ಅಂಕಮ್ಮ ಬರಿ ಮೂಗಲ್ಲೇ ಗಂಡನ ಮನೆಗೆ ಹೋದಳು, ಮೂಗುಬಟ್ಟನ್ನು ಇವತ್ತಿಗೂ ಅವಳ ತೌರುಮನೆ ಗೋಡೆ ಹಾಕಿಕೊಂಡಿದೆ.