ಹೊರಸಿನ ಅಡಿಯ ಕಪ್ಪು

ಪೂಜ್ಯ ನಿರಾಳಯ್ಯನವರ ಮಠಕ್ಕೆ ಗೋಪುರವಿರಲಿಲ್ಲ, ಗದ್ದುಗೆಗೆ ಬೆಳ್ಳಿಯಿರಲಿಲ್ಲ. ಹೊಸಗುಡ್ಡದ ಬುಡದಲ್ಲಿ ಎರಡು ಅಂಕಣದ ಮಣ್ಣಿನ ಮನೆ, ಮುಂದೆ ಒಂದು ಬೇವಿನ ಮರ. ಆ ನೆರಳಿನಲ್ಲಿ ಕುಳಿತು, ನಾವು ಅಜ್ಜನವರೆಂದು ಕರೆಯುತ್ತಿದ್ದ ಆ ಗುರುಗಳು ಮಠದ ಮುರುಕು ಮಣೆ, ಸವೆದ ಪೆಟ್ಟಿಗೆಗಳನ್ನು ತಾವೇ ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಉಜ್ಜಿ ಮತ್ತೆ ಬಳಕೆಗೆ ತರುತ್ತಿದ್ದರು. ಭಕ್ತರಾದ ನಮಗೆ ಇದು ಒಳಗೊಳಗೇ ಮುಜುಗರ. ಗುರುಗಳ ಕೈಯಲ್ಲಿ ಜಪಮಾಲೆ ಕಂಡರೆ ಹಿಗ್ಗುತ್ತಿದ್ದೆವು, ಒಡೆದ ಗಾಜಿನ ಚೂರು ಕಂಡರೆ ನಾಚುತ್ತಿದ್ದೆವು. ನಮ್ಮ ಭಕ್ತಿ ಅಷ್ಟರದು.

ಒಂದು ಮಧ್ಯಾಹ್ನ ಗುರುಬಸವ್ವ ಬಂದಳು. ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ವಿಧವೆ. ಹಿಂದಿನ ಶ್ರಾವಣದಲ್ಲಿ ಅವಳ ಹಿರಿಯ ಮಗಳು ಸಾವಂತ್ರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಎರಡು ದಿನ ನೋವು ತಿಂದು, ಹೊಟ್ಟೆಯ ಕೂಸಿನೊಡನೆ ತೀರಿಕೊಂಡಿದ್ದಳು. ಅಂದಿನಿಂದ ಗುರುಬಸವ್ವ ಅತ್ತಿರಲಿಲ್ಲ, ಮಗಳ ಹೆಸರೆತ್ತಿರಲಿಲ್ಲ, ದೇವರಿಗೆ ದೀಪ ಹಚ್ಚಿರಲಿಲ್ಲ. ಅಂದೂ ಅವಳು ಕೈ ಮುಗಿಯಲಿಲ್ಲ.

"ಮಠದ ಬಾಗಲಕ್ಕ ಹಚ್ಚಿದ ಹಸರ ಬಣ್ಣ ಅರ್ಧ ಡಬ್ಬಿ ಉಳದೈತಂತ. ಅದನ್ನ ನನಗ ಕೊಡ್ರಿ," ಎಂದಳು.

"ಯಾಕವ್ವಾ?"

ಅವಳು ಹೇಳಿದಳು. ಕಿರಿಯ ಮಗಳು ಪಾರವ್ವನಿಗೆ ದಿನ ತುಂಬುತ್ತ ಬಂದಿದೆ, ಬರುವ ಸೋಮವಾರ ತವರಿಗೆ ಬರುತ್ತಾಳೆ. ಮನೆಗಿರುವ ಮಂಚವೆಂದರೆ ಹಗ್ಗ ಹೆಣೆದ ಒಂದೇ ಹೊರಸು. ಸಾವಂತ್ರಿ ಪ್ರಾಣ ಬಿಟ್ಟದ್ದು ಅದರ ಮೇಲೆಯೇ. ಸತ್ತವರ ಹೊರಸು ಒಳಗಿರಬಾರದೆಂದು ಓಣಿಯವರು ಅದನ್ನು ಹಿತ್ತಲಿಗೆ ಹಾಕಿಸಿದ್ದರು. ಹೊಸದು ಮಾಡಿಸುವ ಶಕ್ತಿಯಿಲ್ಲ. ಅಕ್ಕ ಸತ್ತ ಹೊರಸಿನ ಮೇಲೆ ತಾನು ಮಲಗುವುದಿಲ್ಲವೆಂದು ಪಾರವ್ವ ಹೇಳಿ ಕಳಿಸಿದ್ದಾಳೆ.

"ಬಣ್ಣ ಬಳದು ಹೊಸಾದು ಅಂತ ಹೇಳ್ತೀನ್ರಿ. ಅಕಿಗೆ ಗೊತ್ತಾಗೂದಿಲ್ಲ."

"ಬಣ್ಣ ಬ್ಯಾಡವ್ವಾ. ಹೊರಸು ತಗೊಂಡ ಬಾ."

ಅರ್ಧ ಡಬ್ಬಿ ಬಣ್ಣಕ್ಕೂ ಜಿಪುಣತನವೇ ಎಂದು ಗೊಣಗುತ್ತಲೇ ಅವಳು ಹೊರಸನ್ನು ತಲೆಯ ಮೇಲೆ ಹೊತ್ತು ತಂದಳು. ಸಾವಿನ ಮನೆಯ ವಸ್ತು ಮಠದ ಅಂಗಳಕ್ಕೆ ಬಂತೆಂದು ಅಲ್ಲಿದ್ದ ಕೆಲವರು ಮುಖ ತಿರುಗಿಸಿದರು. ನಾನೂ ಅವರಲ್ಲೊಬ್ಬ.

ಅಜ್ಜನವರು ಕೊಳೆತ ಹಗ್ಗ ಬಿಚ್ಚಿದರು. ಅಂಟವಾಳದ ಬಿಸಿನೀರಿನಿಂದ ಮರವನ್ನು ತೊಳೆದು, ಒಣಗಿದ ಮೇಲೆ ಗಾಜಿನ ಚೂರಿನಿಂದ ಹೆರೆದರು. ವರ್ಷದ ಮಳೆಬಿಸಿಲಿಗೆ ಬೂದಿಯಂತಾಗಿದ್ದ ಮೈಯೊಳಗಿಂದ ಜಾಲಿಮರದ ಕೆಂಪು ಕಾಣಿಸಿತು. ಬಳಿಕ ಹೊರಸನ್ನು ಮಗುಚಿ ಹಾಕಿದರು. ಅಡಿಯ ಮರವೆಲ್ಲ ಕರ್ರಗಿತ್ತು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಮೈ ಕಾಯಿಸುವುದು ವಾಡಿಕೆ, ಅದರ ಹೊಗೆ ಹಿಡಿದ ಕಪ್ಪು ಅದು. ಗುರುಬಸವ್ವ ತಾನೇ ಅದನ್ನು ಹೆರೆಯಲು ಗಾಜಿನ ಚೂರಿಗೆ ಕೈ ಚಾಚಿದಳು. ಅಜ್ಜನವರು ತಡೆದರು.

"ಇದು ಯಾರ ಕೆಂಡದ ಕಪ್ಪವ್ವಾ?"

"ನಮ್ಮತ್ತೀದ್ರಿ. ಆಮ್ಯಾಲೆ ನಂದು."

"ನಿಂದು ಯಾವಾಗಿಂದು?"

"ಪಾರವ್ವ ಹುಟ್ಟಿದಾಗಿಂದು," ಎಂದು ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು. ಆಮೇಲೆ, "ಅದಕಿಂತ ಮದಲ, ಸಾವಂತ್ರಿ ಹುಟ್ಟಿದಾಗಿಂದು," ಎಂದಳು.

"ಬಣ್ಣ ಬಳದರ ಸಾವಂತ್ರಿ ಹುಟ್ಟಿದ್ದೂ ಮುಚ್ಚಿ ಹೋಗತೈತವ್ವಾ."

ಅವಳು ಆ ಕಪ್ಪಿನ ಮೇಲೆ ಬೆರಳಾಡಿಸುತ್ತ ಕೇಳಿದಳು. "ಅಜ್ಜಾರ, ಇದರಾಗ ಸಾವಂತ್ರಿ ಬಾಣಂತನದ ಕೆಂಡ ಎಲ್ಲೈತ್ರಿ? ನಾ ಇಡಲೇ ಇಲ್ಲಲ್ರಿ."

ಅಜ್ಜನವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅವಳ ಕೈಗಿತ್ತು, ಇನ್ನೊಂದು ಬಟ್ಟೆ ಹಿಡಿದು ತಾವೂ ಉಜ್ಜತೊಡಗಿದರು. ಮರುದಿನ ಪುಂಡಿನಾರಿನ ಹಗ್ಗ ಹೆಣೆದು ಮುಗಿದಾಗ, ಬಿಗಿ ನೋಡುವ ನೆಪದಲ್ಲಿ ಅಜ್ಜನವರೇ ಮೊದಲು ಅದರ ಮೇಲೆ ಮಲಗಿ ಎದ್ದರು. ಮುಖ ತಿರುಗಿಸಿದ್ದ ನಾವು ತಲೆ ತಗ್ಗಿಸಿದೆವು.

ಹೊರಸನ್ನು ಅವಳ ಮನೆಗೆ ಹೊತ್ತವನು ನಾನೇ. ಗುರುಬಸವ್ವ ಅದನ್ನು ಒಳಕೋಣೆಯಲ್ಲಿ ಹಾಕಿಸಿದಳು. ನಾನು ನಿಂತಿರುವುದನ್ನೂ ಮರೆತು ಒಲೆಯಿಂದ ಕೆಂಡ ತಂದು ಖಾಲಿ ಹೊರಸಿನ ಕೆಳಗಿಟ್ಟಳು. ಅದರ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದಳು. ಹೊರಸಿಗೆ ಕೌದಿ ಹೊದಿಸಿ, ನಾಲ್ಕೂ ಅಂಚನ್ನು ಒಳಗೆ ಸೇರಿಸಿ, ಮೆಲ್ಲಗೆ ಕೇಳಿದಳು.

"ಬೆಚ್ಚಗಾತೇನವ್ವಾ, ಸಾವಂತ್ರಿ?"

ಆಮೇಲೆ ನೆಲಕ್ಕೆ ಕುಸಿದು ಅತ್ತಳು. ಒಂದು ವರ್ಷದ ಅಳು ಅದು. ಕೆಂಡ ಆರುವವರೆಗೂ ಅತ್ತಳು.

ಸೋಮವಾರ ಪಾರವ್ವ ಬಂದಾಗ ತಾಯಿ ಸುಳ್ಳು ಹೇಳಲಿಲ್ಲ. ಹೊರಸನ್ನು ಮಗುಚಿ ತೋರಿಸಿದಳು. "ಇದು ನಿಮ್ಮ ಅಜ್ಜೀದು, ಇದು ನಂದು. ಇದು ನಿಮ್ಮಕ್ಕಂದು." ಪಾರವ್ವ ಆ ಕಪ್ಪನ್ನು ಮುಟ್ಟಿ ನೋಡಿ, ತಾನೇ ಕೌದಿ ಹಾಸಿಕೊಂಡು ಮಲಗಿದಳಂತೆ.

ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಉಳಿದಳು. ಕೂಸನ್ನು ಮಠಕ್ಕೆ ತಂದ ದಿನ ಗುರುಬಸವ್ವ ಅಜ್ಜನವರ ಪಾದಕ್ಕೆ ಹಣೆ ಹಚ್ಚಿದಳು. ಆ ಬಾಣಂತನದುದ್ದಕ್ಕೂ ಅವಳು ದಿನಾ ಎರಡು ಸಲ ಕೆಂಡ ಇಡುತ್ತಿದ್ದಳೆಂದು ಪಾರವ್ವನೇ ಹೇಳಿದಳು. ಒಂದು ಪಾರವ್ವನ ಹೆಸರಿನಲ್ಲಿ, ಇನ್ನೊಂದು ಸಾವಂತ್ರಿಯ ಹೆಸರಿನಲ್ಲಿ.